ಹತ್ತು ತಿಂಗಳು ಹಾಯಿದೋಣಿಲಿ ಸಂಸಾರ

ಮೊನ್ನೆ ಭಾನುವಾರ ಮೀನಾಕ್ಷಿಪುರದ ಹಿನ್ನೀರಿಗೆ ಹೋಗಿದ್ವಿ, ಫ್ರೆಂಡ್ಸು ಮತ್ತೆ ಶುರು ಹಚ್ಕೊಂಡ್ರು, ನೀನು ಕೊಚ್ಚಿಲಿ ದೋಣಿಲೇ ಇದ್ದಲ್ಲ, ನಿದ್ದೆ ಹೆಂಗ್ ಬರ್ತಿತ್ತು, ತಲೆ ಸುತ್ತಲ್ವಾ ಅಂತ. ಎಲ್ರಿಗೂ ಒಂದೊಂದ್ ಸಲ ಹೇಳೋ ಬದ್ಲು ಬರೆದಾಕ್ತಿದೀನಿ.

ಕೆಲಸ ಎರ್ನಾಕುಳಂನಲ್ಲಿತ್ತು, 26 ಅಡಿದು ಹಳೇ ಫೈಬರ್ ಹಾಯಿದೋಣಿ ಒಂದು ಸಿಕ್ತು, ಅಲ್ಲೇ ಹಿನ್ನೀರಲ್ಲಿರೋ ಬೋಳ್ಗಾಟ್ಟಿ ದ್ವೀಪದ ಹತ್ರ ಲಂಗರು ಹಾಕ್ಕೊಂಡು ಅದ್ರಲ್ಲೇ ಇದ್ದೆ. ಸಮುದ್ರದ ದೊಡ್ಡ ಅಲೆ ಅಲ್ಲಿಗೆ ಬರಲ್ಲ, ತಲೆ ಎಲ್ಲಾ ಏನೂ ಸುತ್ತಲ್ಲ. ಭರತ ಇಳಿತಕ್ಕೆ ದೋಣಿ ತಾನಾಗೇ ತಿರುಗುತ್ತೆ ಅಷ್ಟೆ, ಬೆಳಿಗ್ಗೆ ಒಲೆ ಪಕ್ಕದ ಕಿಟಕೀಲಿ ಊರಿನ ಬಿಲ್ಡಿಂಗು ಕಂಡ್ರೆ ಮಧ್ಯಾಹ್ನ ಅದೇ ಕಿಟಕೀಲಿ ತೆಂಗಿನಮರ. ಅಮ್ಮ ಮಾತ್ರ ಮಂಡ್ಯದಿಂದ ಫೋನ್ ಮಾಡ್ದಾಗೆಲ್ಲ "ಭೂಮಿ ಮೇಲೆ ಜಾಗ ಇಲ್ವೇನ್ಲಾ ನಿಂಗೆ" ಅನ್ನೋರು.

ಕರೆಂಟಿಗೆ 100 ವ್ಯಾಟಿನ ಎರಡು ಸೋಲಾರ್ ಪ್ಯಾನಲ್ಲು, ಕುಡಿಯೋಕೆ 20 ಲೀಟರ್ ಕ್ಯಾನು, ಪುಟ್ಟ ದೋಣಿಲಿ ಹುಟ್ಟು ಹಾಕ್ಕೊಂಡು ದಡದಿಂದ ತರಬೇಕು. ಇದಕ್ಕೆಲ್ಲ ಒಂದು ವಾರದಲ್ಲಿ ಒಗ್ಗೋಯ್ತೀವಿ. ಕಷ್ಟ ಆಗಿದ್ದು ಮುದ್ದೆ. ಕೋಲು ಹಾಕಿ ತಿರುವೋ ಟೈಮಿಗೇ ಸರಿಯಾಗಿ ಫೆರ್ರಿ ಹೋಗುತ್ತೆ, ಅದರ ಅಲೆ ಬಂದು ದೋಣಿ ಓಲಾಡುತ್ತೆ, ಎರಡು ಸಲ ಪಾತ್ರೆ ಸಮೇತ ಹಾಸಿಗೆ ಮೇಲೆ. ಆಮೇಲೆ ನಮ್ಮಜ್ಜಿ ಕವೆಗೋಲು ಇಟ್ಟು ಕಾಲಲ್ಲಿ ಅದುಮ್ಕೊಂಡು ತಿರುವೋರಲ್ಲ, ಹಂಗೇ ನೆಲದ ಮೇಲೆ ಕೂತ್ಕೊಂಡು ಮಾಡಿದ್ಮೇಲೆ ಸರಿಹೋಯ್ತು.

ಇನ್ನು ನಿದ್ದೆ. ಅದು ಬರೋದು ಬಿಡೋದು ಲಂಗರು ಎಷ್ಟು ಗಟ್ಟಿ ಹಿಡಿದಿದೆ ಅನ್ನೋದ್ರ ಮೇಲೆ ನಿಂತಿರುತ್ತೆ ನೋಡಿ. ಹೋರಿ ಕಟ್ಟೋ ಹಗ್ಗ ಗಿಡ್ಡ ಆದ್ರೆ ಅದು ತಲೆ ಎತ್ತಿದಾಗೆಲ್ಲ ಗೂಟ ಮೇಲಕ್ಕೆ ಜಗ್ಗಿ ಕಿತ್ತು ಬರುತ್ತೆ, ಉದ್ದ ಬಿಟ್ರೆ ಅಡ್ಡಡ್ಡ ಎಳೆಯುತ್ತೆ, ಗೂಟ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಲಂಗರೂ ಅದೇ ಲೆಕ್ಕ. ನೀರಿನ ಆಳ, ಅದಕ್ಕೆ ನೀರಿಂದ ದೋಣಿ ಮೂತಿವರೆಗಿನ ಎತ್ತರ ಸೇರಿಸಿ, ಅದರ ಐದು ಪಟ್ಟು ಚೈನು ಬಿಡಬೇಕು. ನಂದು 3 ಮೀಟರ್ ನೀರು, 1 ಮೀಟರ್ ಮೂತಿ, ಅಂದ್ರೆ 20 ಮೀಟರ್. ನಾನು ಬಿಟ್ಟಿದ್ದು 12. ತಣ್ಣಗಿರೋ ನೀರು, ಕೆಸರಿನ ತಳ, ಏನಾಗುತ್ತೆ ಬಿಡು ಅನ್ನೋ ಸೋಮಾರಿತನ.

ಬೇಸಿಗೆ ಪೂರ್ತಿ ಏನೂ ಆಗ್ಲಿಲ್ಲ. ಮಳೆಗಾಲ ಹಿಡೀತು, ಹೊಳೆಗಳ ಸಿಹಿನೀರು ನುಗ್ಗಿ ಬಂತು, ಅದರ ಜೊತೆ ಅಂತರಗಂಗೆ, ನಮ್ಮ ಮೈಸೂರಿನ ಕೆರೆಗಳಲ್ಲಿ ನೇರಳೆ ಹೂ ಬಿಟ್ಕೊಂಡು ಮುಚ್ಕೊಂಡಿರುತ್ತಲ್ಲ ಅದೇ. ಉಪ್ಪುನೀರಲ್ಲಿ ಸತ್ತೋಗುತ್ತೆ, ಸಿಹಿನೀರು ಜಾಸ್ತಿ ಆದ್ರೆ ಚಾಪೆ ಚಾಪೆ ತೇಲ್ಕೊಂಡು ಬರುತ್ತೆ. ಒಂದಿನ ರಾತ್ರಿ ಎರಡೂವರೆಗೆ ಮೊಬೈಲಲ್ಲಿ ಹಾಕಿದ್ದ ಆಂಕರ್ ಅಲಾರಂ, ದೋಣಿ ಜಾಗ ಬಿಟ್ಟು ಸರಿದ್ರೆ ಎಬ್ಬಿಸೋದು, ಬಡ್ಕೊಳ್ತು, ಎದ್ದು ಟಾರ್ಚ್ ಬಿಟ್ರೆ ಮುಂದುಗಡೆ ನೀರೇ ಇಲ್ಲ, ಗದ್ದೆ! ಅಷ್ಟು ಕಳೆ ಚೈನಿಗೆ ಸಿಕ್ಕಾಕ್ಕೊಂಡು, ಹರಿಯೋ ನೀರು ಅದನ್ನ ತಳ್ಳಿ, ದೋಣಿ ಲಂಗರು ಎಳ್ಕೊಂಡೇ ಹೊರಟಿತ್ತು, ಹಿಂದಿನ ದೋಣಿಗೂ ನಂಗೂ ಒಂದೆತ್ತಿನ ಗಾಡಿ ತಿರುಗೋಷ್ಟು ಜಾಗ ಇತ್ತು ಅಷ್ಟೆ. ಇಂಜಿನ್ ಹಾಕಿದ್ರೆ ಕಳೆ ಫ್ಯಾನಿಗೆ ಸುತ್ಕೊಳ್ಳುತ್ತೆ. ಇರೋಬರೋ ಚೈನು ಎಲ್ಲಾ ಬಿಟ್ಟೆ, ನಿಂತ್ಕೊಳ್ತು, ಆಮೇಲೆ ಕೊಕ್ಕೆಗೋಲು ತಗೊಂಡು ಬೆಳಗಿನವರೆಗೂ ಕಳೆ ಕಿತ್ತಿದ್ದೇ ಕಿತ್ತಿದ್ದು.

ಬೆಳಕಾದ್ಮೇಲೆ ನೋಡಿದ್ರೆ ಕಿತ್ತಾಕಿದ್ದ ರಾಶಿ ಮೇಲೆ ಒಂದು ನೀರುಹಾವು ಸುರುಳಿ ಸುತ್ಕೊಂಡು ಮಲಗಿತ್ತು. ಅಮ್ಮಂಗೆ ಲಂಗರಿನ ಕಥೆ ಹೇಳಿದೀನಿ, ಹಾವಿಂದು ಇವತ್ತಿನವರೆಗೂ ಹೇಳಿಲ್ಲ.