ಅಯೋವಾದ ಚಿಕ್ಕ ಊರಿಗೆ ಬರುತ್ತಿದ್ದೀರಾ? ಇಲ್ಲಿನ ಓಟಿನ ವಿಚಾರ ಸ್ವಲ್ಪ ಕೇಳಿ

ಕೆಲಸ ಸಿಕ್ಕಿ ಅಮೆರಿಕದ ಅಯೋವಾ ರಾಜ್ಯದ ಉತ್ತರದ ಕಡೆಗೆ ಬರುವ ನಮ್ಮವರು ಮನೆ ಬಾಡಿಗೆ ಕೇಳಿದ ಮೇಲೆ ಕೇಳುವ ಪ್ರಶ್ನೆ ಇದು: "ಅಲ್ಲಿ ಎಲ್ಲರೂ ಟ್ರಂಪ್ ಕಡೆಯವರಂತೆ, ಹೌದಾ?" ಟಿವಿಯಲ್ಲಿ ಕೆಂಪು ನಕ್ಷೆ (ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದ ಬಣ್ಣ ಕೆಂಪು) ನೋಡಿದರೆ ಹಾಗೇ ಅನ್ನಿಸುತ್ತದೆ.

ಮಿನ್ನೆಸೋಟಾ ಗಡಿಗೆ ಅಂಟಿಕೊಂಡಿರುವ ಹೊವಾರ್ಡ್ ಕೌಂಟಿಯನ್ನೇ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ನೋಡಿ. ಜನ ಹತ್ತು ಸಾವಿರವೂ ಇಲ್ಲ. ಸುತ್ತ ಮೆಕ್ಕೆಜೋಳ, ಸೋಯಾ. 2012ರಲ್ಲಿ ಇಲ್ಲಿ ಡೆಮಾಕ್ರಟಿಕ್ ಪಕ್ಷದ ಒಬಾಮಾ ಶೇ. 20ಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. 2016ರಲ್ಲಿ ಟ್ರಂಪ್ ಕೂಡ ಶೇ. 20ಕ್ಕೂ ಹೆಚ್ಚು ಅಂತರದಲ್ಲೇ ಗೆದ್ದರು. ಇಡೀ ಅಮೆರಿಕದಲ್ಲಿ ಇಬ್ಬರಿಗೂ ಇಷ್ಟು ದೊಡ್ಡ ಅಂತರ ಕೊಟ್ಟು ಮಗ್ಗುಲು ಬದಲಿಸಿದ ಕೌಂಟಿ ಇದೊಂದೇ. 2020ರಲ್ಲಿ ಟ್ರಂಪ್ ಅಂತರ ಇನ್ನೂ ಹೆಚ್ಚಿತು. ಅಯೋವಾದ 99 ಕೌಂಟಿಗಳಲ್ಲಿ 31 ಕೌಂಟಿಗಳು ಒಬಾಮಾ ಅವರನ್ನು ಎರಡು ಸಲ ಗೆಲ್ಲಿಸಿ, ಆಮೇಲೆ ಟ್ರಂಪ್ ಕಡೆ ಹೋದವು. ಆ ಓಟು ಹಾಕಿದವರು ಹೆಚ್ಚಾಗಿ ಅದೇ ಜನ. ಹಾಗಾಗಿ ಪಕ್ಕದ ಮನೆಯವರನ್ನು ನಕ್ಷೆಯ ಬಣ್ಣದಿಂದ ಅಳೆಯಬೇಡಿ. ಯಾರಿಗೆ ಹಾಕಿದಿರಿ ಅಂತ ಬಾಯಿಬಿಟ್ಟು ಕೇಳಲೂ ಬೇಡಿ. ಹೇಳಬೇಕೆನ್ನಿಸಿದವರು ಮನೆ ಮುಂದೆ ಬೋರ್ಡ್ ನೆಟ್ಟಿರುತ್ತಾರೆ.

ಮಾತಿಗೆ ವಿಷಯ ಬೇಕಾದರೆ ನಾರ್ಮನ್ ಬೋರ್ಲಾಗ್ ಬಗ್ಗೆ ಕೇಳಿ. ನಮ್ಮ ದೇಶದ ಹಸಿರು ಕ್ರಾಂತಿಗೆ ಗೋಧಿ ತಳಿ ಕೊಟ್ಟ ಬೋರ್ಲಾಗ್ ಬೆಳೆದದ್ದು ಇದೇ ಕೌಂಟಿಯ ಹೊಲದಲ್ಲಿ. ಊರಿನ ಹಿರಿಯರ ಮುಖ ಅರಳುತ್ತದೆ.

ಈಗ ಮುಖ್ಯವಾದ ಮಾತು. ಇಲ್ಲಿ ಡ್ರೈವಿಂಗ್ ಲೈಸೆನ್ಸನ್ನು ಹೆಚ್ಚಾಗಿ ಕೌಂಟಿ ಖಜಾನೆ ಕಚೇರಿಯಲ್ಲೇ ಕೊಡುತ್ತಾರೆ. ಅಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕಾ ಅಂತ ಕೇಳಬಹುದು. ಹೆಸರು ಸೇರಿಸುವುದು ಪೌರತ್ವ ಇದ್ದವರಿಗೆ ಮಾತ್ರ. ನಿಮ್ಮ ಬಳಿ ಎಚ್-1ಬಿ ಕೆಲಸದ ವೀಸಾ ಇರಲಿ, ಗ್ರೀನ್ ಕಾರ್ಡ್ ಇರಲಿ, ಬೇಡ ಅನ್ನಿ. ಸುಮ್ನೆ ಒಂದು ಟಿಕ್ ಹಾಕಿದರೂ ಮುಂದೆ ಪೌರತ್ವದ ಅರ್ಜಿ ಕೆಡಬಹುದು, ಗಡಿಪಾರಿನವರೆಗೂ ಹೋಗಬಹುದು. ಗೊತ್ತಿರಲಿಲ್ಲ ಅಂದರೆ ನಡೆಯುತ್ತದೆ ಅಂತ ನಂಬಿ ಕೂರಬೇಡಿ.

ಮತದಾನ ನವೆಂಬರ್‌ನ ಮೊದಲ ಸೋಮವಾರದ ಮರುದಿನ. 1845ರ ಕಾನೂನು, ರೈತರ ಕಾಲದ್ದು. ರಜೆ ಇಲ್ಲ, ಬೆರಳಿಗೆ ಶಾಯಿ ಇಲ್ಲ. ಅಧ್ಯಕ್ಷರ ಚುನಾವಣೆಯಾದರೆ ಜನ ಬರುತ್ತಾರೆ: 2020ರಲ್ಲಿ ದೇಶದಲ್ಲಿ ಮೂರರಲ್ಲಿ ಎರಡು ಪಾಲು ಮತ ಹಾಕಿದರು. ಅಧ್ಯಕ್ಷರ ಚುನಾವಣೆ ಇಲ್ಲದ 2022ರಲ್ಲಿ ಅರ್ಧವೂ ಇಲ್ಲ.

ಬೆಸ ವರ್ಷಗಳಲ್ಲಿ ಬರುವ ಪಟ್ಟಣ ಮತ್ತು ಶಾಲಾ ಮಂಡಳಿ ಚುನಾವಣೆಗೆ ಬೂತ್ ಖಾಲಿ ಹೊಡೆಯುತ್ತದೆ. ನಿಮ್ಮ ಜೇಬಿಗೂ ಮಕ್ಕಳಿಗೂ ತಟ್ಟುವುದು ಅದೇ ಅಲ್ವಾ? ಶಾಲೆಗೆ ಹೊಸ ಕಟ್ಟಡ ಬೇಕೆಂದು ಸಾಲಪತ್ರ ಎತ್ತಲು ಅಯೋವಾದಲ್ಲಿ ಶೇ. 60 ಮತ ಬೇಕು. ಅರ್ಧಕ್ಕಿಂತ ಹೆಚ್ಚು ಜನ ಹೌದು ಅಂದರೂ ಬಿದ್ದುಹೋಗಬಹುದು. ಚಿಕ್ಕ ಊರಲ್ಲಿ ಹತ್ತಿಪ್ಪತ್ತು ಓಟು ಅಂದರೆ ಭಾರಿ ವ್ಯತ್ಯಾಸ. ಆಸ್ತಿ ತೆರಿಗೆ ಏರುತ್ತದೆ ಎಂದು ಹಿರಿಯರು ತಪ್ಪದೆ ಬಂದು ಬೇಡ ಅನ್ನುತ್ತಾರೆ, ಸಣ್ಣ ಮಕ್ಕಳಿರುವ ಅಪ್ಪ ಅಮ್ಮ ಕೆಲಸ ಮುಗಿಸಿ ಮನೆಗೆ ಹೋಗಿಬಿಡುತ್ತಾರೆ. ಹಿರಿಯರದ್ದು ಬರೀ ಜಿಪುಣತನ ಅಂತ ನಾನು ಹೇಳಲಾರೆ, ಹೊಲ ಇದ್ದವರಿಗೆ ಆ ತೆರಿಗೆ ನಿಜಕ್ಕೂ ಭಾರ. ಓಟು ಇಲ್ಲದಿದ್ದರೂ ಶಾಲಾ ಮಂಡಳಿಯ ಸಭೆಗೆ ನೀವು ಹೋಗಬಹುದು, ಜನರ ಮಾತಿಗೆ ಸಮಯ ಕೊಟ್ಟಾಗ ಎದ್ದು ಮಾತಾಡಬಹುದು.

ಪೌರತ್ವ ಬಂದ ಮೇಲೆ ಕೌಂಟಿ ಆಡಿಟರ್ ಕಚೇರಿಗೆ ಹೋಗಿ. ಚುನಾವಣೆ ನಡೆಸುವವರು ಅವರೇ. ಮತದಾನದ ದಿನ ಬೂತ್‌ನಲ್ಲೂ ಹೆಸರು ಸೇರಿಸಬಹುದು, ಗುರುತಿನ ಚೀಟಿ ಮತ್ತು ವಿಳಾಸದ ದಾಖಲೆ ಇಟ್ಟುಕೊಳ್ಳಿ. ರಾತ್ರಿ 8ಕ್ಕೆ ಬಾಗಿಲು ಹಾಕುತ್ತಾರೆ. ಮತಪತ್ರದ ಹಿಂಬದಿ ತಿರುಗಿಸಿ ನೋಡುವುದನ್ನು ಮರೆಯಬೇಡಿ: ನ್ಯಾಯಾಧೀಶರನ್ನು ಹುದ್ದೆಯಲ್ಲಿ ಉಳಿಸಬೇಕೋ ಬೇಡವೋ ಎಂಬ ಪ್ರಶ್ನೆ ಅಲ್ಲಿರುವುದೇ ಹೆಚ್ಚು. 2010ರಲ್ಲಿ ಅಯೋವಾ ಜನ ತಮ್ಮ ರಾಜ್ಯದ ಸುಪ್ರೀಂ ಕೋರ್ಟಿನ ಮೂವರನ್ನು ಹೀಗೇ ಮನೆಗೆ ಕಳಿಸಿದ್ದರು.