ಮನೆಯಲ್ಲೇ ಮಾಡಿದ ಹೆಡ್‌ಫೋನ್ ಆಂಪ್ಲಿಫೈಯರ್‌ಗೆ ಎಷ್ಟು ಗೇನ್ ಇಡಬೇಕು?

ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹಳೆಯ ತಾಳಮದ್ದಳೆಯ ಧ್ವನಿಮುದ್ರಣಗಳನ್ನು ಕೇಳುವುದಕ್ಕೆಂದೇ, ಬದಿಯಡ್ಕದ ಕಡೆಯ ನಮ್ಮ ಮನೆಯಲ್ಲಿ ನಾನು ಮೊದಲ ಹೆಡ್‌ಫೋನ್ ಆಂಪ್ಲಿಫೈಯರನ್ನು ಬೆಸುಗೆ ಹಾಕಿ ಸಿದ್ಧಪಡಿಸಿದ್ದೆ. 9 ವೋಲ್ಟಿನ ಒಂದು ಬ್ಯಾಟರಿ, ಎರಡು ಚಾನೆಲ್‌ಗಳ ಒಂದು ಆಪ್‌ಆಂಪ್ (ಸಿಗ್ನಲನ್ನು ವರ್ಧಿಸುವ ಚಿಪ್) ಮತ್ತು ಬೆರಳೆಣಿಕೆಯ ರೆಸಿಸ್ಟರುಗಳಿಂದ ಆಗುವ, ಸೀಮಾಯ್ ಎಂಬ ಹೆಸರಿನ ಪ್ರಸಿದ್ಧ ಸರ್ಕ್ಯೂಟ್ ಅದು. ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಭಾಗವತರ ಪದ ಬಲಗಿವಿಯಲ್ಲಿ ಮಾತ್ರ ಕೇಳುತ್ತಿತ್ತು. ಇನ್ನೂ ತುಸು ತಿರುಗಿಸಿದರೆ ಎರಡೂ ಕಿವಿಗಳಿಗೆ ಬರುತ್ತಿತ್ತಾದರೂ ಚೆಂಡೆಯ ಪೆಟ್ಟು ಬಿದ್ದಾಗಲೆಲ್ಲ ತಗಡು ಬಡಿದಂತಹ ಸದ್ದಾಗುತ್ತಿತ್ತು. ಎರಡು ಬಾರಿ ಆಪ್‌ಆಂಪ್ ಬದಲಾಯಿಸಿದ ಮೇಲಷ್ಟೇ, ಭಾಗಗಳಲ್ಲಿ ದೋಷವಿಲ್ಲ, ಗೇನ್ (ಒಳಬಂದ ವೋಲ್ಟೇಜನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಅಳತೆ) ಅಗತ್ಯಕ್ಕಿಂತ ಹಲವು ಪಟ್ಟು ಹೆಚ್ಚಾಗಿದೆ ಎಂಬುದು ತಿಳಿಯಿತು.

ಇಂತಹ ಸರ್ಕ್ಯೂಟಿನಲ್ಲಿ ಗೇನನ್ನು ನಿರ್ಧರಿಸುವುದು ಎರಡೇ ರೆಸಿಸ್ಟರುಗಳು. ಆಪ್‌ಆಂಪಿನ ಔಟ್‌ಪುಟ್‌ನಿಂದ ಮೈನಸ್ ಇನ್‌ಪುಟ್‌ಗೆ ಹೋಗುವುದು ಫೀಡ್‌ಬ್ಯಾಕ್ ರೆಸಿಸ್ಟರ್. ಅದೇ ಮೈನಸ್ ಇನ್‌ಪುಟ್‌ನಿಂದ ಗ್ರೌಂಡಿಗೆ ಹೋಗುವುದು ಇನ್ನೊಂದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಬಂದ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಗೇನ್ ಸಿಗುತ್ತದೆ. ಸೀಮಾಯ್ ಸರ್ಕ್ಯೂಟಿನಲ್ಲಿ ಸಾಮಾನ್ಯವಾಗಿ ಕಾಣುವ 10 ಕಿಲೋಓಮ್ ಮತ್ತು 1 ಕಿಲೋಓಮ್ ಜೋಡಿಯಿಂದ ಬರುವ ಗೇನ್ 11. ಅಂದರೆ ಒಳಗೆ ಬಂದ ವೋಲ್ಟೇಜ್ ಹನ್ನೊಂದು ಪಟ್ಟಾಗಿ ಹೊರಬೀಳಲು ಹವಣಿಸುತ್ತದೆ.

ಅಷ್ಟು ಬೇಕೇ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ 32 ಓಮ್, 1 ಮಿಲಿವಾಟಿಗೆ 100 ಡೆಸಿಬೆಲ್ ಎಂದಿದೆಯೆಂದು ಇಟ್ಟುಕೊಳ್ಳೋಣ. 32 ಓಮಿನಲ್ಲಿ 1 ಮಿಲಿವಾಟ್ ಎಂದರೆ ಸುಮಾರು 0.18 ವೋಲ್ಟ್. ಚೆಂಡೆಯ ಏರುಪೆಟ್ಟುಗಳಿಗಾಗಿ 110 ಡೆಸಿಬೆಲ್‌ವರೆಗೆ ಅವಕಾಶ ಇಟ್ಟರೂ (ಅದು ಕ್ಷಣಮಾತ್ರದ ಶಿಖರದ ಲೆಕ್ಕ, ಆ ಮಟ್ಟದಲ್ಲಿ ಕೇಳುತ್ತಾ ಕೂರಬಾರದು) 10 ಮಿಲಿವಾಟ್, ಅಂದರೆ 0.57 ವೋಲ್ಟ್ ಸಾಕು. ಮೊಬೈಲಿಗೆ ಸಿಕ್ಕಿಸುವ ಒಳ್ಳೆಯ ಡಾಂಗಲ್ ತಾನಾಗಿಯೇ 1 ವೋಲ್ಟ್ ಕೊಡುತ್ತದೆ, ಸಿಡಿ ಪ್ಲೇಯರ್ 2 ವೋಲ್ಟ್ ಕೊಡುತ್ತದೆ. ಹಾಗಾಗಿ ಇಲ್ಲಿ ಗೇನ್ 1 ಇದ್ದರೂ ನಡೆಯುತ್ತದೆ. ಅಷ್ಟೇ ಸಂವೇದನೆಯ 300 ಓಮ್ ಹೆಡ್‌ಫೋನಿಗೆ 1.7 ವೋಲ್ಟ್ ಬೇಕಾಗುವುದರಿಂದ 2 ಸಾಕಾಗುತ್ತದೆ. ಕ್ಯಾಸೆಟ್ಟಿನಿಂದ ಇಳಿಸಿಕೊಂಡ ತಾಳಮದ್ದಳೆಗಳ ಮಟ್ಟ ಬಹಳ ಕೆಳಗಿರುವುದುಂಟು. ಅವುಗಳಿಗಾಗಿ ನಾನು ಇನ್ನೊಂದು ಪಟ್ಟು ಸೇರಿಸಿ 4ರ ಆಸುಪಾಸಿನಲ್ಲಿ ನಿಲ್ಲಿಸುತ್ತೇನೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಇನ್ನೊಂದು ಬದಿಯಿಂದ ನೋಡಿದರೆ, 9 ವೋಲ್ಟಿನ ಬ್ಯಾಟರಿ ಪ್ಲಸ್ 4.5 ಮತ್ತು ಮೈನಸ್ 4.5 ಆಗಿ ಹಂಚಿಹೋಗಿ, ಆಪ್‌ಆಂಪ್ ತನ್ನ ಪಾಲನ್ನು ಇಟ್ಟುಕೊಂಡ ಮೇಲೆ ಹೊರಗೆ ಸಿಗುವುದು ಹೆಚ್ಚೆಂದರೆ 2 ವೋಲ್ಟ್. 11ರ ಗೇನಿನಲ್ಲಿ 0.18 ವೋಲ್ಟ್ ಒಳಬಂದರೇ ಅದು ಮುಗಿದುಹೋಗುತ್ತದೆ. 32 ಓಮಿನ ಹೆಡ್‌ಫೋನಿನಲ್ಲಂತೂ ವೋಲ್ಟೇಜಿಗಿಂತ ಮೊದಲೇ ಆಪ್‌ಆಂಪಿನ ಕರೆಂಟ್ ಸಾಮರ್ಥ್ಯ ಮುಗಿಯುತ್ತದೆ, ಏಕೆಂದರೆ ಎನ್‌ಇ5532ರಂತಹ ಚಿಪ್ 40 ಮಿಲಿಆಂಪಿಯರ್ ಆಸುಪಾಸಿನಲ್ಲಿ ಕೈಚೆಲ್ಲುತ್ತದೆ. ನನಗೆ ಚೆಂಡೆಯ ಸದ್ದು ಒಡೆದು ಕೇಳುತ್ತಿದ್ದುದು ಇದರಿಂದ. ಒಂದೇ ಕಿವಿಗೆ ಕೇಳುತ್ತಿದ್ದುದಕ್ಕೂ ಮೂಲ ಇದೇ: ಎರಡು ಚಾನೆಲ್‌ಗಳ ವಾಲ್ಯೂಮ್ ಕಂಟ್ರೋಲಿನ ಎರಡು ಪಟ್ಟಿಗಳು ಆರಂಭದ ಭಾಗದಲ್ಲಿ ಒಂದಕ್ಕೊಂದು ಸರಿಹೊಂದುವುದಿಲ್ಲ, ಗೇನ್ ಹೆಚ್ಚಿದ್ದರೆ ನಾವು ಆ ಭಾಗದಲ್ಲಿಯೇ ಸಿಕ್ಕಿಕೊಳ್ಳುತ್ತೇವೆ. ಗುಂಡಿ ಅರ್ಧ ದಾಟಿದಾಗ ಹಿತವಾದ ಮಟ್ಟ ಸಿಗುವಂತಿರಬೇಕು.

ಬದಲಾವಣೆ ಸುಲಭ. ಎರಡೂ ಚಾನೆಲ್‌ಗಳಲ್ಲಿ 10 ಕಿಲೋಓಮನ್ನು ಕಳಚಿ 2.2 ಕಿಲೋಓಮ್ ಹಾಕಿದರೆ ಗೇನ್ 3.2 ಆಗುತ್ತದೆ, 1 ಕಿಲೋಓಮ್ ಹಾಕಿದರೆ 2 ಆಗುತ್ತದೆ. ಶೇಕಡಾ 1ರ ಮೆಟಲ್ ಫಿಲ್ಮ್ ರೆಸಿಸ್ಟರುಗಳನ್ನೇ ಬಳಸಬೇಕು, ಇಲ್ಲವಾದರೆ ಎಡ ಬಲಗಳ ಮಟ್ಟ ಬೇರೆಯಾದೀತು. ಗೇನ್ ಇಳಿಸುವ ಮೊದಲು ಆಪ್‌ಆಂಪಿನ ಸ್ವಭಾವ ತಿಳಿದಿರಬೇಕು: ಎನ್‌ಇ5532 ಮತ್ತು ಒಪಿಎ2134 ಗೇನ್ 1ರಲ್ಲಿಯೂ ಸ್ಥಿರವಾಗಿರುತ್ತವೆ (ತಾವಾಗಿಯೇ ಕಂಪಿಸತೊಡಗುವುದಿಲ್ಲ), ಆದರೆ ಎನ್‌ಇ5534ಕ್ಕೆ ಹೊರಗಿನ ಕೆಪಾಸಿಟರ್ ಇಲ್ಲದಿದ್ದರೆ ಕನಿಷ್ಠ 3 ಬೇಕು.

ಎರಡು ಗೇನ್‌ಗಳ ಸ್ವಿಚ್ ಬೇಕೆನ್ನುವವರು ಫೀಡ್‌ಬ್ಯಾಕ್ ರೆಸಿಸ್ಟರಿನ ಸಾಲಿನಲ್ಲಿ ಅದನ್ನು ಎಂದಿಗೂ ಇಡಬಾರದು. ಸ್ವಿಚ್ ಬದಲಾಗುವ ಕ್ಷಣದಲ್ಲಿ ಫೀಡ್‌ಬ್ಯಾಕ್ ತಪ್ಪಿ, ಔಟ್‌ಪುಟ್ ಒಮ್ಮೆಲೇ ಬ್ಯಾಟರಿಯ ಒಂದು ತುದಿಗೆ ಹಾರಿ, ಹೆಡ್‌ಫೋನಿನಲ್ಲಿ ಸಿಡಿಲು ಬಡಿದಂತಾಗುತ್ತದೆ. ಎರಡೂ ರೆಸಿಸ್ಟರುಗಳನ್ನು 2.2 ಕಿಲೋಓಮ್ ಇಟ್ಟು, ಗ್ರೌಂಡಿಗೆ ಹೋಗುವ ರೆಸಿಸ್ಟರಿಗೆ ಸಮಾನಾಂತರವಾಗಿ 1 ಕಿಲೋಓಮನ್ನು ಸ್ವಿಚ್ ಮೂಲಕ ಸೇರಿಸಿದರೆ, ಸ್ವಿಚ್ ತೆರೆದಾಗ 2, ಮುಚ್ಚಿದಾಗ 4.2 ಸಿಗುತ್ತದೆ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಸ್ವಿಚ್ಚಿನ ಒಳಗೆ ಕಿಲುಬು ಹಿಡಿದು ಸಂಪರ್ಕ ತಪ್ಪಿದರೂ ಗೇನ್ ಕೆಳಗಿಳಿಯುತ್ತದೆಯೇ ಹೊರತು ಏರುವುದಿಲ್ಲ.

ಹೆಡ್‌ಫೋನ್ ಸಿಕ್ಕಿಸುವ ಮೊದಲು ಔಟ್‌ಪುಟ್‌ನ ಡಿಸಿ ವೋಲ್ಟೇಜನ್ನು (ಹಾಡು ಇಲ್ಲದಾಗಲೂ ಉಳಿಯುವ ವೋಲ್ಟೇಜನ್ನು) ಅಳೆಯಬೇಕು. ಎನ್‌ಇ5532ರ ಇನ್‌ಪುಟ್‌ನಲ್ಲಿ ಸಾಮಾನ್ಯವಾಗಿ 200 ನ್ಯಾನೋಆಂಪಿಯರ್ ಹರಿಯುವುದರಿಂದ, ಅಲ್ಲಿ 100 ಕಿಲೋಓಮ್ ಇದ್ದರೆ 20 ಮಿಲಿವೋಲ್ಟ್ ಉಂಟಾಗಿ, ಅದೂ 11ರ ಗೇನಿನಲ್ಲಿ 220 ಮಿಲಿವೋಲ್ಟ್ ಆಗುತ್ತದೆ. ನನ್ನ ಮಿತಿ 20 ಮಿಲಿವೋಲ್ಟ್. ಅದಕ್ಕಿಂತ ಹೆಚ್ಚಿದ್ದರೆ ಒಪಿಎ2134ರಂತಹ, ಇನ್‌ಪುಟ್‌ನಲ್ಲಿ ಎಫ್‌ಇಟಿ (ಕರೆಂಟನ್ನು ಬಹುತೇಕ ಎಳೆಯದ ಟ್ರಾನ್ಸಿಸ್ಟರ್) ಇರುವ ಚಿಪ್ ಹಾಕುವುದು ಲೇಸು.

ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್ ಇಲ್ಲದೆಯೂ ಕ್ಲಿಪ್ಪಿಂಗನ್ನು, ಅಂದರೆ ಮಿತಿ ಮುಟ್ಟಿ ಸದ್ದು ಒಡೆಯುವುದನ್ನು, ಪತ್ತೆಹಚ್ಚಬಹುದು. ಹೆಡ್‌ಫೋನಿನ ಬದಲು 33 ಓಮಿನ ರೆಸಿಸ್ಟರನ್ನು ಜೋಡಿಸಿ, ಮೊಬೈಲಿನಲ್ಲಿ 200 ಹರ್ಟ್ಸ್‌ನ ಟೋನನ್ನು ಮೈನಸ್ 12, ಮೈನಸ್ 6 ಮತ್ತು 0 ಡೆಸಿಬೆಲ್ ಮಟ್ಟಗಳಲ್ಲಿ ನುಡಿಸಿ, ಮೂರು ಬಾರಿಯೂ ಎಸಿ ವೋಲ್ಟೇಜನ್ನು ಬರೆದುಕೊಳ್ಳಬೇಕು. ಪ್ರತಿ ಹಂತದಲ್ಲಿ ಅದು ಇಮ್ಮಡಿಯಾಗಬೇಕು. ಆಗದಿದ್ದರೆ ಅಲ್ಲಿಂದಲೇ ಒಡೆತ ಆರಂಭವಾಗಿದೆ ಎಂದರ್ಥ. ಹಳದಿ ಬಣ್ಣದ ಅಗ್ಗದ ಡಿಟಿ830 ಮೀಟರು ಇದಕ್ಕೆ ಒದಗುವುದಿಲ್ಲ, ಅದರ ಎಸಿ ಅಳತೆಯ ಕನಿಷ್ಠ ಶ್ರೇಣಿಯೇ 200 ವೋಲ್ಟ್. 2 ವೋಲ್ಟಿನ ಎಸಿ ಶ್ರೇಣಿಯಿರುವ ಮೀಟರನ್ನು ಯಾರಿಂದಲಾದರೂ ಒಂದು ದಿನದ ಮಟ್ಟಿಗೆ ಕೇಳಿ ತಂದರೂ ಸಾಕು.