ಆನ್‌ಲೈನ್ ಯೋಗ ಶಿಬಿರ: ದುಡ್ಡು ಕಟ್ಟುವ ಮುನ್ನ, ಚಾಪೆ ಹಾಸಿದ ಮೇಲೆ

ಶಿಬಿರಕ್ಕೆ ಹೆಸರು ಕೊಡುವ ಮೊದಲು ಒಂದು ಮಾತು ಕೇಳಿಬಿಡಿ: ತರಗತಿಯಲ್ಲಿ ಗುರುಗಳು ನಮ್ಮನ್ನು ನೋಡುತ್ತಾರಾ, ಇಲ್ಲ ನಾವಷ್ಟೇ ಅವರನ್ನು ನೋಡಬೇಕಾ? ರೆಕಾರ್ಡ್ ಮಾಡಿಟ್ಟ ವಿಡಿಯೊಗೆ ನಿಮ್ಮ ಮಂಡಿ ಒಳಕ್ಕೆ ವಾಲಿದ್ದು ಕಾಣುವುದಿಲ್ಲ. ಹೊಸಬರು ನೇರ ತರಗತಿಯನ್ನೇ ಆರಿಸಿಕೊಳ್ಳಬೇಕು, ಅದರಲ್ಲೂ ಹತ್ತು ಹನ್ನೆರಡು ಜನ ಮೀರದ್ದನ್ನು. ಅದಕ್ಕಿಂತ ಹೆಚ್ಚಾದರೆ ಪರದೆಯಲ್ಲಿ ಒಬ್ಬೊಬ್ಬರೂ ಅಂಚೆಚೀಟಿಯಷ್ಟಾಗಿಬಿಡುತ್ತಾರೆ.

ಮೈಂಡ್‌ಫುಲ್‌ನೆಸ್ (ಈ ಕ್ಷಣದ ಉಸಿರು, ಮೈ, ಮನಸ್ಸನ್ನು ಗಮನಿಸುವ ಧ್ಯಾನ) ಕೋರ್ಸ್ ಆದರೆ ಸಮಯದ ಲೆಕ್ಕ ಹಾಕಿ. ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭಿಸಿದ ಕ್ರಮ 8 ವಾರದ್ದು: ವಾರಕ್ಕೊಮ್ಮೆ ಸುಮಾರು ಎರಡೂವರೆ ಗಂಟೆ, ನಡುವೆ ಒಂದು ಪೂರ್ಣ ದಿನ, ಜೊತೆಗೆ ಮನೆಯಲ್ಲಿ ದಿನಾ ಸುಮಾರು 45 ನಿಮಿಷ. ಅಷ್ಟು ಬಿಡುವಿಲ್ಲದವರು ದಿನಕ್ಕೆ 10 ನಿಮಿಷದ ತರಗತಿಯಿಂದ ಶುರು ಮಾಡುವುದೇ ಲೇಸು.

ಕ್ಯಾಮೆರಾವನ್ನು ಚಾಪೆಯಿಂದ ಎರಡೂವರೆ–ಮೂರು ಮೀಟರ್ ದೂರದಲ್ಲಿ, ಸೊಂಟದ ಎತ್ತರಕ್ಕೆ ಇಡಿ. ಕೈ ಮೇಲೆತ್ತಿ ನಿಂತಾಗ ಬೆರಳ ತುದಿಯೂ ಪಾದವೂ ಎರಡೂ ಕಾಣಬೇಕು. ಚಾಪೆ ಕ್ಯಾಮೆರಾಗೆ ಅಡ್ಡವಾಗಿರಲಿ. ಬೆನ್ನು ಗೂನಾಗಿದೆಯೋ ನೆಟ್ಟಗಿದೆಯೋ ಪಕ್ಕದಿಂದಲೇ ಗೊತ್ತಾಗುವುದು. ಕಿಟಕಿ ನಿಮ್ಮ ಹಿಂದಿದ್ದರೆ ಬರೀ ನೆರಳು ಕಾಣುತ್ತದೆ.

ಮನೆಯಲ್ಲಿ ಪರದೆ ನೋಡಿ ಕಲಿಯುವವರು ಕುತ್ತಿಗೆಯ ಬಗ್ಗೆ ಎಚ್ಚರವಾಗಿರಬೇಕು. ಕೈ-ಕಾಲು ನೆಲಕ್ಕೂರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನದಲ್ಲಿ ತಲೆ ಸಡಿಲವಾಗಿ ಇಳಿಬಿದ್ದಿರಬೇಕು. ಪರದೆ ನೋಡಲು ಅದನ್ನೆತ್ತಿದೊಡನೆ ಕುತ್ತಿಗೆಯ ಹಿಂಭಾಗ ಬಿಗಿಯುತ್ತದೆ, ಹೆಗಲು ಕಿವಿಯತ್ತ ಏರುತ್ತದೆ. ಹೆಗಲ ಮೇಲೆ ನಿಂತು ಕಾಲು ಮೇಲೆತ್ತುವ ಸರ್ವಾಂಗಾಸನದಲ್ಲಿ ಇನ್ನೂ ಅಪಾಯ: ಭಾರ ಹೆಗಲ ಮೇಲಿದ್ದು ಕುತ್ತಿಗೆ ಮಡಚಿರುವಾಗ ತಲೆಯನ್ನು ಪಕ್ಕಕ್ಕೆ ಹೊರಳಿಸಲೇಬಾರದು. ಮೊದಲು ಕೂತು ನೋಡಿ, ಆಮೇಲೆ ಕಿವಿಯನ್ನಷ್ಟೇ ನಂಬಿ ಮಾಡಿ. ಎದುರಿಗೆ ನಿಂತ ಗುರುಗಳ ಬಲಗೈ ನಿಮ್ಮ ಎಡಕ್ಕೆ ಕಾಣುವುದರಿಂದಲೂ ಕಣ್ಣಿಗಿಂತ ಕಿವಿಯೇ ವಾಸಿ.

ರಕ್ತದೊತ್ತಡ, ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ), ಬಸಿರು ಇದ್ದರೆ ಮೊದಲೇ ಖಾಸಗಿಯಾಗಿ ತಿಳಿಸಿ. ತಲೆಕೆಳಗಾದ ಆಸನ, ಉಸಿರು ಹಿಡಿದಿಡುವ ಕುಂಭಕ ಇವರಿಗಲ್ಲ. ಹೊಟ್ಟೆ ತುಂಬ ಉಂಡಿದ್ದರೆ ಮೂರು ನಾಲ್ಕು ಗಂಟೆ ಬಿಡಿ.

ಓಂಕಾರ ಎಲ್ಲರೂ ಕೂಡಿ ಹೇಳಿದರೆ ಕಲಸುಮೇಲೋಗರ, ಏಕೆಂದರೆ ಒಬ್ಬೊಬ್ಬರ ದನಿಯೂ ಒಂದೊಂದಿಷ್ಟು ತಡವಾಗಿ ತಲುಪುತ್ತದೆ. ನಿಮ್ಮ ಮೈಕ್ ಮುಚ್ಚಿಕೊಂಡೇ ಹೇಳಿ. ಗುರುಗಳ ಗಂಟೆಯ ನಾದ ನಡುವೆ ಕತ್ತರಿಸಿದಂತೆ ಕೇಳಿದರೆ ಅದು ನಿಮ್ಮ ಇಂಟರ್ನೆಟ್ಟಿನದೇ ತಪ್ಪಾಗಿರಬೇಕಿಲ್ಲ. ಎಳೆದ ನಾದವನ್ನು ಆ್ಯಪ್ ಗದ್ದಲವೆಂದು ಅಳಿಸುತ್ತಿರಬಹುದು. ಜೂಮ್‌ನಲ್ಲಾದರೆ ಅವರ ಕಡೆ ‘ಒರಿಜಿನಲ್ ಸೌಂಡ್’ ಆನ್ ಮಾಡಲು ಹೇಳಿ.

ಧ್ಯಾನಕ್ಕೆ ಕೂರುವಾಗ ಕಂಬಳಿ ಮಡಿಸಿ ಕೆಳಗಿಡಿ, ಸೊಂಟ ಮಂಡಿಗಿಂತ ಮೇಲಿರಲಿ. ಕಾಲು ಜೋಮು ಹಿಡಿದರೆ ಬದಲಿಸಿ, ಸಹಿಸಿಕೊಂಡು ಕೂರಬೇಡಿ. ಮಲಗಿ ಮೈಯೆಲ್ಲ ಗಮನಿಸುವ ಅಭ್ಯಾಸದಲ್ಲಿ ನಿದ್ದೆ ಬಂದರೆ ಮಂಡಿ ಮಡಚಿ, ಕಣ್ಣು ಅರೆ ತೆರೆಯಿರಿ. ಮನಸ್ಸಿನ ಹಳೆಯ ನೋವೇನಾದರೂ ಉಕ್ಕಿ ಬಂದರೆ ಕಣ್ಣು ಪೂರ್ತಿ ತೆರೆದು ಪಾದ ನೆಲಕ್ಕೂರಿ, ತರಗತಿ ಮುಗಿದ ಮೇಲೆ ಗುರುಗಳಿಗೆ ಹೇಳಿ.

ಶವಾಸನಕ್ಕೆ ಕನಿಷ್ಠ 5 ನಿಮಿಷ ಬೇಕು. ಆಗಲೇ ಒಬ್ಬೊಬ್ಬರಾಗಿ ನಮಸ್ಕಾರ ಹೇಳಿ ಹೊರಡಲು ಶುರು ಮಾಡಿದರೆ ದೇಹಕ್ಕೆ ಬಂದ ವಿಶ್ರಾಂತಿ ಅಲ್ಲೇ ಒಡೆಯುತ್ತದೆ. ನಮಸ್ಕಾರ, ಪ್ರಶ್ನೆ, ಮುಂದಿನ ತರಗತಿಯ ಸಮಯ ಎಲ್ಲವನ್ನೂ ಮಲಗುವ ಮೊದಲೇ ಮುಗಿಸುವಂತೆ ಕೇಳಿಕೊಳ್ಳಿ. ಆಮೇಲೆ ಗುರುಗಳು ಸದ್ದಿಲ್ಲದೆ ಕರೆ ಮುಗಿಸಲಿ, ನೀವು ಮಲಗಿಯೇ ಇರಿ.